ಗಾಲಿಕುರ್ಚಿಗೊಂದು ಮೋಟಾರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಜಲ್ಲಿಯಲ್ಲಿ ಸಿಕ್ಕಿಕೊಂಡರೆ ತೋಳಿನ ಬಲ ಸಾಲದು.

ಮುಂದೆ ಸಿಕ್ಕಿಸುವ ಮೋಟಾರು ಆ ಪುಟ್ಟ ಚಕ್ರಗಳನ್ನು ನೆಲದಿಂದ ಎತ್ತಿ, ತನ್ನ ದೊಡ್ಡ ಚಕ್ರದಿಂದ ಕುರ್ಚಿಯನ್ನು ಎಳೆಯುತ್ತದೆ. ಬಾಗಿಲಲ್ಲಿ ಕಳಚಿಟ್ಟರೆ ಮತ್ತದೇ ಕೈಯಿಂದ ತಳ್ಳುವ ಗಾಲಿಕುರ್ಚಿ.

ಐಐಟಿ ಮದ್ರಾಸ್‌ 2021ರಲ್ಲಿ ಪರಿಚಯಿಸಿದ ನಿಯೋಬೋಲ್ಟ್ ಇಂಥದ್ದು. ಗಂಟೆಗೆ 25 ಕಿಲೋಮೀಟರ್ ವೇಗ. ಒಂದು ಚಾರ್ಜಿಗೆ ಸುಮಾರು 25 ಕಿಲೋಮೀಟರ್ ಓಟ. ಚಿಂತಾಮಣಿ ಪೇಟೆ ಸುತ್ತಲು ಧಾರಾಳ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೊರಟರೆ? ದಾರಿಯಲ್ಲೇ ನಿಂತೀತು!

ಹಿಂದೆ ಸಿಕ್ಕಿಸುವ ಬಗೆ ಮನೆಯೊಳಗೂ ಸೈ. ಆದರೆ ಪುಟ್ಟ ಚಕ್ರ ನೆಲದಲ್ಲೇ ಉಳಿಯುವುದರಿಂದ ಜಲ್ಲಿಯ ಕಾಟ ತಪ್ಪದು.

ದುಡ್ಡು ಕೊಡುವ ಮುನ್ನ ನೋಡಬೇಕಾದದ್ದು ಚೌಕಟ್ಟು. ನಿಯೋಬೋಲ್ಟ್ ಹೊಂದುವುದು ಅದರ ಜೋಡಿ ಕುರ್ಚಿ ನಿಯೋಫ್ಲೈಗೆ. ಮಡಚುವ ಮಾಮೂಲಿ ಕುರ್ಚಿಗಲ್ಲ. ಆಮೇಲೆ, ಕುಳಿತವರೇ ಕೊಕ್ಕೆ ಹಾಕಿ, ಬಿಚ್ಚಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಬೇಕು.