ಹಸಿರು ಕಪ್ಪೆ ಕಂದಾದಾಗ

ಗಳಿಗೆಗೊಂದು ಮಾತಾಡುವವರನ್ನು ಗೋಸುಂಬೆ ಎನ್ನುತ್ತೇವೆ. ಬಣ್ಣ ಬದಲಿಸುವ ವಿದ್ಯೆಯನ್ನು ಆ ಒಂದು ಪ್ರಾಣಿಗೇ ಬರೆದುಕೊಟ್ಟಂತಾಗಿದೆ. ಮರಗಪ್ಪೆ ಸಾಕಿದವರನ್ನು ಕೇಳಿ ನೋಡಿ, ಅವರ ಮಾತು ಬೇರೆ. ಬೆಳಿಗ್ಗೆ ಬಾಳೆಯ ಸುಳಿಯಂತೆ ಎಳೆ ಹಸಿರಾಗಿದ್ದ ಕಪ್ಪೆ ಸಂಜೆಗೆ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಮರುದಿನ ನೋಡಿದರೆ ಕಾಫಿಪುಡಿಯ ಬಣ್ಣ!

ನಾಯಿ ಸಾಕಲು ಜಾಗವಿಲ್ಲದ, ಹೌಸಿಂಗ್ ಸೊಸೈಟಿಯ ತಕರಾರೂ ಬೇಡವೆನ್ನುವ ಮಹಾನಗರದ ಫ್ಲ್ಯಾಟುಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಪ್ಪೆ ಸಾಕುವವರೂ ಇದ್ದಾರೆ. ಬಣ್ಣ ಬದಲಾದೊಡನೆ ಅವರಿಗೆ ಮೂಡುವ ಮೊದಲ ಪ್ರಶ್ನೆ, ‘ಇದಕ್ಕೆ ಕಾಯಿಲೆಯೇ?’ ಎಂಬುದು. ಚಿಕ್ಕ ಉತ್ತರ ಹೀಗಿದೆ: ಬಣ್ಣ ಬದಲಾದದ್ದಕ್ಕೆ ಹೆದರಬೇಕಿಲ್ಲ. ಹೋದ ಬಣ್ಣ ಮರಳಿ ಬಾರದಿದ್ದರೆ ಎಚ್ಚರಗೊಳ್ಳಬೇಕು. ಇವೆರಡರ ನಡುವಿನ ಅಂತರ ತಿಳಿಯದೆ ಆರೋಗ್ಯವಂತ ಕಪ್ಪೆಗೆ ಔಷಧಿ ಹಾಕುವವರೂ ಇದ್ದಾರೆ, ಕಾಯಿಲೆ ಬಿದ್ದ ಕಪ್ಪೆಯನ್ನು ‘ಮೂಡ್ ಸರಿಯಿಲ್ಲ’ ಎಂದು ಬಿಟ್ಟುಬಿಡುವವರೂ ಇದ್ದಾರೆ.

ಹೆಸರು ನೀಲಿ, ಮೈ ಹಸಿರು

ಸಾಕುವವರಿಗೆ ಹೆಚ್ಚು ಪರಿಚಿತವಾದದ್ದು ಆಸ್ಟ್ರೇಲಿಯದ ವೈಟ್ಸ್ ಮರಗಪ್ಪೆ. ಅಂಗೈ ತುಂಬುವ ಗಾತ್ರ, ಸದಾ ನಗುತ್ತಿರುವಂತೆ ಕಾಣುವ ಬಾಯಿ, ಮೈತುಂಬ ಹಸಿರು. ಆದರೆ ಅದರ ವೈಜ್ಞಾನಿಕ ಹೆಸರಿನಲ್ಲಿರುವ ‘ಸೆರೂಲಿಯಾ’ ಎಂಬ ಲ್ಯಾಟಿನ್ ಪದಕ್ಕೆ ನೀಲಿ ಎಂದರ್ಥ. ಆಸ್ಟ್ರೇಲಿಯಕ್ಕೆ ಹೋದ ಮೊದಲ ಬ್ರಿಟಿಷ್ ಹಡಗುಪಡೆಯ ವೈದ್ಯ ಜಾನ್ ವೈಟ್ 1790ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ. ವಿಜ್ಞಾನ ಹೆಸರಿಟ್ಟು ಗುರುತಿಸಿದ ಆಸ್ಟ್ರೇಲಿಯದ ಮೊದಲ ಕಪ್ಪೆ ಇದೇ.

ಹಸಿರು ಕಪ್ಪೆಗೆ ನೀಲಿಯ ಹೆಸರು ಬಂದದ್ದು ಸಂರಕ್ಷಕ ದ್ರವದ ದೆಸೆಯಿಂದ. ಅದರಲ್ಲಿ ಮುಳುಗಿಸಿ ಇಂಗ್ಲೆಂಡಿಗೆ ಕಳಿಸಿದ ಕಪ್ಪೆಗಳ ಮೈಯಿಂದ ಹಳದಿ ಅಂಶ ಹೊರಟುಹೋಗಿತ್ತು, ನೀಲಿ ಮಾತ್ರ ಉಳಿದಿತ್ತು. ಕಪ್ಪೆಯ ಬಣ್ಣದ ಗುಟ್ಟೆಲ್ಲ ಈ ಒಂದು ಕತೆಯಲ್ಲೇ ಇದೆ.

ಹಸಿರು ಹುಟ್ಟುವ ಬಗೆ

ಬಹುತೇಕ ಹಸಿರು ಮರಗಪ್ಪೆಗಳ ಚರ್ಮದಲ್ಲಿ ಹಸಿರು ಬಣ್ಣದ ವಸ್ತುವೇ ಇಲ್ಲ. ಅಲ್ಲಿರುವುದು ಒಂದರ ಕೆಳಗೊಂದು ಕುಳಿತ ಮೂರು ಬಗೆಯ ಜೀವಕೋಶಗಳು. ಮೇಲಿನ ಪದರದಲ್ಲಿ ಹಳದಿ ಬಣ್ಣ ತುಂಬಿಕೊಂಡ ಕೋಶಗಳು. ನಡುವಿನ ಪದರದಲ್ಲಿ ಗ್ವಾನೀನ್ ಎಂಬ ವಸ್ತುವಿನ ಸಣ್ಣ ಹರಳುಗಳಿರುವ ಕೋಶಗಳು. ಈ ಹರಳುಗಳು ಕನ್ನಡಿಯ ಚೂರುಗಳಂತೆ ಬೆಳಕಿನ ನೀಲಿ ಭಾಗವನ್ನು ಹಿಂದಕ್ಕೆ ಎಸೆಯುತ್ತವೆ. ನವಿಲುಗರಿಯ ನೀಲಿಯೂ ಇಂಥದ್ದೇ ಬೆಳಕಿನಾಟ, ಅಲ್ಲಿಯೂ ನೀಲಿ ಬಣ್ಣದ ವಸ್ತುವಿಲ್ಲ. ಈ ನೀಲಿ ಬೆಳಕು ಮೇಲಿನ ಹಳದಿ ಪದರವನ್ನು ಹಾದು ಹೊರಬಂದಾಗ ನಮ್ಮ ಕಣ್ಣಿಗೆ ಹಸಿರು.

ಎಲ್ಲಕ್ಕಿಂತ ಕೆಳಗಿರುವುದು ಮೆಲನಿನ್ ಎಂಬ ಕಪ್ಪುಕಂದು ಕಣಗಳಿರುವ ಕೋಶಗಳು. ಇವುಗಳಿಗೆ ಬೆರಳುಗಳಂಥ ಚಾಚುಗಳಿದ್ದು, ಅವು ನಡುವಿನ ಕನ್ನಡಿ ಕೋಶಗಳನ್ನು ತಬ್ಬಿ ಹಿಡಿದಿರುತ್ತವೆ. ಕಪ್ಪು ಕಣಗಳೆಲ್ಲ ಮುಷ್ಟಿಯೊಳಗೆ ಮುದುಡಿಕೊಂಡಂತೆ ನಡುವೆ ಸೇರಿದಾಗ ಕಪ್ಪೆ ತಿಳಿಹಸಿರು. ಕಣಗಳು ಬೆರಳ ತುದಿಯವರೆಗೂ ಹರಡಿದರೆ ಕನ್ನಡಿಗೆ ಪರದೆ ಎಳೆದಂತೆ, ಕಪ್ಪೆ ಕಂದು.

ಈ ಪರದೆ ಎಳೆಯುವ, ಸರಿಸುವ ಕೆಲಸ ಹಾರ್ಮೋನುಗಳದ್ದು. ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯಿಂದ ಬರುವ ಒಂದು ಹಾರ್ಮೋನು ಕಪ್ಪು ಕಣಗಳನ್ನು ಹರಡುತ್ತದೆ. ಅದಕ್ಕೆ ಎದುರಾಗಿ ಕಣಗಳನ್ನು ಮುದುಡಿಸುವ ಇನ್ನೊಂದರ ಹೆಸರು ನಮ್ಮ ಓದುಗರಿಗೂ ಗೊತ್ತು: ಮೆಲಟೋನಿನ್. ರಾತ್ರಿ ಪಾಳಿ ಮಾಡುವವರು, ವಿಮಾನದಲ್ಲಿ ದೂರ ದೇಶಕ್ಕೆ ಹೋಗಿಬರುವವರು ನಿದ್ದೆಗೆಂದು ನುಂಗುವ ಮಾತ್ರೆಯಲ್ಲಿರುವುದು ಅದೇ. ಪೀನಿಯಲ್ ಗ್ರಂಥಿಯ ಸಾರ ತಿನ್ನಿಸಿದರೆ ಗೊದಮೊಟ್ಟೆಗಳ ಮೈ ಬಿಳಿಚಿಕೊಳ್ಳುತ್ತದೆಂಬುದು 1917ರಲ್ಲೇ ಗೊತ್ತಾಗಿತ್ತು. 1958ರಲ್ಲಿ ಅಮೆರಿಕದ ಚರ್ಮವೈದ್ಯ ಆರನ್ ಲರ್ನರ್, ತೊನ್ನಿನಂಥ ಚರ್ಮದ ತೊಂದರೆಗಳಿಗೆ ಉಪಾಯ ಹುಡುಕುತ್ತಾ, ಹಸುಗಳ ಪೀನಿಯಲ್ ಗ್ರಂಥಿಯಿಂದ ಆ ವಸ್ತುವನ್ನು ಬೇರ್ಪಡಿಸಿದರು. ಅವರು ಅದರ ಪ್ರಭಾವವನ್ನು ಅಳೆದದ್ದು ಕಪ್ಪೆಯ ಚರ್ಮದ ಮೇಲೆ. ನಿದ್ದೆಯ ಮಾತ್ರೆಯ ಹೆಸರಿನಲ್ಲಿ ಮೆಲನಿನ್ ಸೇರಿಕೊಂಡದ್ದು ಹೀಗೆ.

ತಾನಾಗಿ ಬಂದು ಹೋಗುವ ಬಣ್ಣ

ಚಳಿ, ಕತ್ತಲೆ, ಕಪ್ಪು ಹಿನ್ನೆಲೆ, ಹೆದರಿಕೆ — ಇವು ಕಪ್ಪೆಯನ್ನು ಗಾಢವಾಗಿಸುತ್ತವೆ. ಬಿಸಿ, ಪ್ರಖರ ಬೆಳಕು ಮತ್ತು ಬಿಳಿ ಹಿನ್ನೆಲೆ ತಿಳಿಯಾಗಿಸುತ್ತವೆ. ನಿಮಿಷಗಳಿಂದ ಗಂಟೆಗಳೊಳಗೆ ಬಣ್ಣ ಹೋಗಿ ಬರುತ್ತದೆ. ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ, ತಿಳಿ ಬಣ್ಣ ಹಿಂದಕ್ಕೆ ಕಳಿಸುತ್ತದೆ. ತನ್ನ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳಲಾಗದ ಪ್ರಾಣಿಗೆ ಇದೊಂದು ಅನುಕೂಲ. ಆಫ್ರಿಕಾದ ಒಂದು ಜೊಂಡುಗಪ್ಪೆ ಬೇಸಗೆಯಲ್ಲಿ ಒಣ ಕಡ್ಡಿಗೆ ಅಂಟಿಕೊಂಡು ಸುಣ್ಣ ಬಳಿದಂತೆ ಬೆಳ್ಳಗಾಗಿ ಬಿಸಿಲು ಕಳೆಯುತ್ತದೆ.

ಇದನ್ನು ನೋಡಲು ಆಸ್ಟ್ರೇಲಿಯಕ್ಕೋ ಆಫ್ರಿಕಾಕ್ಕೋ ಹೋಗಬೇಕಿಲ್ಲ. ಮಳೆಗಾಲದಲ್ಲಿ ಊರಿಗೆ ಹೋದಾಗ ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡು ಕೂತಿರುವುದು ನಮ್ಮ ಸಾಮಾನ್ಯ ಮರಗಪ್ಪೆ. ದೀಪದ ಬೆಳಕಿನ ಬಿಳಿ ಗೋಡೆಯ ಮೇಲೆ ಕೆನೆಬಣ್ಣ, ಹಂಡೆಯ ಹಿಂದಿನ ಕತ್ತಲಲ್ಲಿ ಕಡುಕಂದು. ಅದಕ್ಕೆ ಹಸಿರಿನ ಸಿರಿ ಇಲ್ಲದಿದ್ದರೂ ಕಪ್ಪು ಕಣ ಹರಡಿ ಮುದುಡುವ ವಿದ್ಯೆ ಅದೇ. ಅದನ್ನು ಹಿಡಿದು ಡಬ್ಬಿಯಲ್ಲಿ ನಗರಕ್ಕೆ ತರುವುದು ಬೇಡ, ಅದರ ಪಾಡಿಗೆ ಅದಿರಲಿ.

ಸಾಕಿದ ಕಪ್ಪೆಯ ಬಣ್ಣ ಕಂಡಾಗ ಮೊದಲು ಕೋಣೆಯನ್ನು ನೋಡಬೇಕು. ವೈಟ್ಸ್ ಮರಗಪ್ಪೆಗೆ ಹಗಲಿನಲ್ಲಿ 25ರಿಂದ 29 ಡಿಗ್ರಿ ಸೆಲ್ಷಿಯಸ್ ಹಿತ. ಎ.ಸಿ.ಯ ಗಾಳಿ ನೇರ ತೊಟ್ಟಿಗೆ ಬೀಸುತ್ತಿದ್ದರೆ, ದಿಲ್ಲಿಯ ಜನವರಿಯಲ್ಲೋ ಪುಣೆಯ ಚಳಿಯ ರಾತ್ರಿಯಲ್ಲೋ ಕೋಣೆ ತಣ್ಣಗಾದರೆ ಅದು ಕಂದಾಗುವುದು ಸಹಜ. ಹೊಸ ತೊಟ್ಟಿಗೆ ಬಂದ ಮೊದಲ ದಿನಗಳಲ್ಲಿ, ಮಕ್ಕಳು ಪದೇ ಪದೇ ಕೈಗೆತ್ತಿಕೊಂಡಾಗ, ತೊಟ್ಟಿಯ ಪಕ್ಕದಲ್ಲೇ ಟಿ.ವಿ. ಅಬ್ಬರಿಸಿದಾಗಲೂ ಹಾಗೆಯೇ. ಪೊರೆ ಕಳಚುವ ಮುನ್ನ ಮೈ ಮಂಕಾಗುವುದುಂಟು. ಬೆನ್ನು ಬಾಗಿಸಿ, ಬಾಯಿ ತೆರೆದು ಮುಚ್ಚುತ್ತಾ ಕಪ್ಪೆ ತನ್ನ ಪೊರೆಯನ್ನು ತಾನೇ ತಿಂದು ಮುಗಿಸುತ್ತದೆ, ಆಮೇಲೆ ಬಣ್ಣ ತಾಜಾ. ಈ ಯಾವುದಕ್ಕೂ ಔಷಧಿ ಬೇಕಿಲ್ಲ. ಕಾರಣ ಸರಿದರೆ ಬಣ್ಣ ಬರುತ್ತದೆ.

ಊಟದಿಂದ ಮಾಸುವ ಬಣ್ಣ

ಇನ್ನೊಂದು ಬಗೆಯ ಬದಲಾವಣೆ ತಿಂಗಳುಗಟ್ಟಲೆ ನಡೆಯುವಂಥದ್ದು. ದಿನವೂ ನೋಡುವ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಮೇಲಿನ ಪದರದ ಹಳದಿ, ಕೆಂಪುಗಳಲ್ಲಿ ಒಂದು ಪಾಲು ಕ್ಯಾರೊಟಿನಾಯ್ಡುಗಳದ್ದು. ಗಜ್ಜರಿ, ಕುಂಬಳಕಾಯಿಗೆ ಬಣ್ಣ ಕೊಡುವ ವಸ್ತುಗಳೇ ಇವು. ಕಪ್ಪೆಗೆ ಇದನ್ನು ತಾನೇ ತಯಾರಿಸಲು ಬಾರದು, ತಿಂದ ಹುಳುವಿನಿಂದಲೇ ಬರಬೇಕು. ಕಾಡಿನ ಕಪ್ಪೆಗೆ ಬಗೆಬಗೆಯ ಹುಳುಗಳ ಊಟ. ತೊಟ್ಟಿಯ ಕಪ್ಪೆಗೆ ವರ್ಷವಿಡೀ ಒಂದೇ ಕ್ರಿಕೆಟ್ ಹುಳು, ಅದೂ ಒಣ ಹಿಟ್ಟು ತಿಂದು ಬೆಳೆದದ್ದು.

ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ಯಾರೊಟಿನಾಯ್ಡು ಸೇರಿಸಿದ ಆಹಾರ ತಿಂದ ಕಪ್ಪೆಗಳ ಚರ್ಮದಲ್ಲಿ ಕೆಂಪು ಹೆಚ್ಚಿದ್ದನ್ನಷ್ಟೇ ಅಲ್ಲ, ಸಂತಾನವೂ ಹೆಚ್ಚಿದ್ದನ್ನು ತೋರಿಸಿತು. ಬಣ್ಣ ಮಾಸುವುದು ಬರೀ ಅಂದದ ಮಾತಲ್ಲ ಎಂಬುದಕ್ಕೆ ಇದು ಸಾಕ್ಷಿ. ಇದೇ ಬಗೆಯ ಬಡ ಊಟದಲ್ಲಿ ವಿಟಮಿನ್ ಎ ಕೊರತೆಯೂ ಬರುತ್ತದೆ. ಆಗ ನಾಲಿಗೆಯ ಅಂಟು ಕಡಿಮೆಯಾಗಿ, ಕಪ್ಪೆ ಹುಳುವಿನತ್ತ ನಾಲಿಗೆ ಚಾಚಿದರೂ ಹಿಡಿಯಲಾಗದೆ ಸೊರಗುತ್ತದೆ.

ಪರಿಹಾರ ನಮ್ಮ ತರಕಾರಿ ಬುಟ್ಟಿಯಲ್ಲೇ ಇದೆ. ಹುಳುಗಳನ್ನು ಕಪ್ಪೆಗೆ ಕೊಡುವ ಒಂದೆರಡು ದಿನ ಮುಂಚೆ ಗಜ್ಜರಿ, ಕುಂಬಳಕಾಯಿ, ಸೊಪ್ಪು ತಿನ್ನಿಸಬೇಕು. ಹುಳುವಿನ ಜಾತಿಯನ್ನೂ ಆಗಾಗ ಬದಲಿಸಬೇಕು. ವಿಟಮಿನ್, ಕ್ಯಾಲ್ಸಿಯಂ ಪುಡಿ ಎಷ್ಟು ಬೇಕೆಂಬುದನ್ನು ಪಶುವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು, ಏಕೆಂದರೆ ವಿಟಮಿನ್ ಎ ಅತಿಯಾದರೂ ಕೇಡು.

ಕಾಯಬಾರದ ಲಕ್ಷಣಗಳು

ತೊಡೆಯ ಒಳಭಾಗ, ಹೊಟ್ಟೆಯ ಮೇಲೆ ಮೊದಲಿಲ್ಲದ ಕೆಂಪು ಕಂಡರೆ ಅದನ್ನು ಬಣ್ಣದಾಟವೆಂದು ಬಿಡಬಾರದು. ‘ಕೆಂಪು ಕಾಲು’ ಎಂದು ಕರೆಯುವ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಚರ್ಮದಡಿ ರಕ್ತ ಕಾಣಿಸಿಕೊಳ್ಳುತ್ತದೆ. ಕೊಳೆ ನೀರು, ಕಿಕ್ಕಿರಿದ ತೊಟ್ಟಿ ಅದಕ್ಕೆ ಹಾದಿ ಮಾಡಿಕೊಡುತ್ತವೆ. ಕಾಲಿನ ಒಳಭಾಗ ಹುಟ್ಟಿನಿಂದಲೇ ಕಿತ್ತಳೆ, ಕೆಂಪು ಇರುವ ಜಾತಿಗಳೂ ಇರುವುದರಿಂದ, ಕಪ್ಪೆ ಆರೋಗ್ಯವಾಗಿದ್ದಾಗಲೇ ಅದರ ಹೊಟ್ಟೆ, ಕಾಲು ನೋಡಿಟ್ಟುಕೊಳ್ಳಬೇಕು.

ಬೆಚ್ಚಗಿದ್ದರೂ ಬಣ್ಣ ಕಂದಾಗಿಯೇ ಉಳಿಯುವುದು, ಪೊರೆ ಮತ್ತೆ ಮತ್ತೆ ಕಳಚುವುದು, ಊಟ ಬಿಡುವುದು, ಹಗಲಿನಲ್ಲಿ ಕಾಲು ಚಾಚಿ ನಿತ್ರಾಣವಾಗಿ ಕೂರುವುದು, ಇವು ಒಟ್ಟಾಗಿ ಬಂದರೆ ಕೈಟ್ರಿಡ್ ಶಿಲೀಂಧ್ರದ ಶಂಕೆ. ಜಗತ್ತಿನ ಕನಿಷ್ಠ 501 ಉಭಯವಾಸಿ ಜಾತಿಗಳು ಕುಸಿಯಲು ಕಾರಣವಾದ ರೋಗವಿದು. ಸಾಕುಪ್ರಾಣಿ ವ್ಯಾಪಾರವೂ ಅದನ್ನು ಹೊತ್ತು ತಿರುಗಿದೆ. ಸಾಕಲು ಸಾಕಾಯಿತೆಂದು ಕಪ್ಪೆಯನ್ನು ಹತ್ತಿರದ ಕೆರೆಗೆ ಬಿಡಬಾರದು ಎನ್ನುವುದು ಇದಕ್ಕೇ. ತೊಟ್ಟಿಯ ನೀರನ್ನೂ ಕೆರೆಗೆ, ಚರಂಡಿಗೆ ಸುರಿಯಬಾರದು.

ನಲ್ಲಿಯ ನೀರಿನ ಮೇಲೂ ಗಮನವಿರಲಿ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಹಾಗಾಗಿ ಕ್ಲೋರಿನ್ ನೇರ ಮೈಗೆ ತಾಗುತ್ತದೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಬೇಕು.

‘ನೀಲಿ ಕಪ್ಪೆ’ ಕೊಳ್ಳುವ ಮುನ್ನ

ಹಳದಿ ಪದರ ಹುಟ್ಟಿನಿಂದಲೇ ಕೆಲಸ ಮಾಡದ ಕಪ್ಪೆಗಳು ಇರುವುದು ನಿಜ, ಅವು ಬದುಕಿಡೀ ನೀಲಿ. ಅಪರೂಪವೆಂದು ಅವಕ್ಕೆ ಹೆಚ್ಚು ಬೆಲೆ ಕೇಳುತ್ತಾರೆ. ಆದರೆ ಕೆಲವು ಕಪ್ಪೆಗಳಿಗೆ ಸಹಜವಾಗಿಯೇ ನೀಲಿಛಾಯೆ ಇರುತ್ತದೆ, ಅಂಗಡಿಯ ನೀಲಿ ದೀಪವೂ ಕಣ್ಣಿಗೆ ಮೋಸ ಮಾಡುತ್ತದೆ. ಹಗಲು ಬೆಳಕಿನಲ್ಲಿ, ಬೇರೆ ಬೇರೆ ದಿನ ನೋಡದೆ ದುಡ್ಡು ಕೊಡುವುದು ಜಾಣತನವಲ್ಲ. ಕೆಂಗಣ್ಣಿನ ಮರಗಪ್ಪೆ 2010ರಿಂದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಇಂಥ ಪ್ರಾಣಿಯನ್ನು ಭಾರತದಲ್ಲಿ ಸಾಕುವವರು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಬಳಿ ಕಾಗದಪತ್ರ ಇಲ್ಲವೆಂದರೆ ಅಲ್ಲಿಂದಲೇ ಹಿಂದಿರುಗುವುದು ಒಳ್ಳೆಯದು.

ಮನೆಯಲ್ಲಿ ಈಗಾಗಲೇ ಕಪ್ಪೆ ಇರುವವರಿಗೆ ಖರ್ಚಿಲ್ಲದ ಒಂದು ಅಭ್ಯಾಸ ಸಾಕು. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ. ತೊಟ್ಟಿಯ ಉಷ್ಣತೆ ಮತ್ತು ಅಂದಿನ ಊಟವನ್ನು ಜೊತೆಗೆ ಬರೆದಿಡಿ. ಮೂರು ತಿಂಗಳಲ್ಲಿ ನಿಮ್ಮ ಕಪ್ಪೆಯ ಸಹಜ ಬಣ್ಣಗಳು ಯಾವುವು, ಅದು ಎಷ್ಟು ಹೊತ್ತಿನಲ್ಲಿ ಹಸಿರಿಗೆ ಮರಳುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಒಂದು ದಿನ ಅದು ಮರಳದಿದ್ದಾಗ ವೈದ್ಯರ ಮುಂದಿಡಲು ಆ ಫೋಟೊಗಳಿಗಿಂತ ಒಳ್ಳೆಯ ದಾಖಲೆ ಬೇರೆ ಇಲ್ಲ.