ಜೀಪಿನ ಪಕ್ಕೆಗೊಂದು ಉಕ್ಕಿನ ಹಳಿ

ಮಳೆಗಾಲ ಮುಗಿದ ಮೇಲೆ ಕೊಡಚಾದ್ರಿಯ ಜೀಪು ದಾರಿ ನೋಡಬೇಕು. ನೀರು ಕೊರೆದ ಕೊರಕಲು ಒಂದು ಬದಿ, ಮಣ್ಣು ಕಳಚಿ ತಲೆಯೆತ್ತಿದ ಕಲ್ಲು ಇನ್ನೊಂದು ಬದಿ. ಒಂದು ಚಕ್ರ ಕೊರಕಲಿಗೆ ಇಳಿಯಿತೆಂದರೆ ಗಾಡಿ ಆ ಕಡೆಗೆ ವಾಲುತ್ತದೆ. ವಾಲಿದ ಬದಿಯಲ್ಲಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಬಾಗಿಲಿನ ಅಡಿಗೆ ಸರಿಯಾಗಿ ಒಂದು ಕಲ್ಲು ಇದ್ದೇ ಇರುತ್ತದೆ. ಅಲ್ಲಿ ಬಾಡಿಗೆ ಜೀಪು ಓಡಿಸುವವರಿಗೆ ಆ ಕಲ್ಲುಗಳ ಪರಿಚಯವಿದೆ. ಯಾವುದರ ಎಡಕ್ಕೆ ಹೋಗಬೇಕು, ಯಾವುದರ ಮೇಲೆ ಚಕ್ರವನ್ನೇ ಹತ್ತಿಸಬೇಕು ಎಂಬುದು ಅವರ ಕೈಗೆ ಗೊತ್ತು. ಹೊಸ ಥಾರ್, ಜಿಮ್ನಿ, ಗೂರ್ಖಾ ಕೊಂಡು ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ದಾರಿಗಳಿಗೆ ಹೊರಡುವವರಿಗೆ ಆ ಪರಿಚಯ ಇರುವುದಿಲ್ಲ. ಅವರಿಗಾಗಿ ಇರುವ ವಸ್ತುವೇ ರಾಕ್ ಸ್ಲೈಡರ್. ಬಾಗಿಲ ಕೆಳಗೆ, ಗಾಡಿಯ ಎರಡೂ ಪಕ್ಕೆಗೆ, ಚಕ್ರದಿಂದ ಚಕ್ರದವರೆಗೆ ಚಾಚಿಕೊಂಡಿರುವ ಉಕ್ಕಿನ ಹಳಿ.

ನೋಡುವ ಕಣ್ಣಿಗೆ ಇದು ಹತ್ತಿ ಇಳಿಯುವ ಫುಟ್‌ಸ್ಟೆಪ್. ಅಂಗಡಿಗಳಲ್ಲಿ ಎರಡೂ ಅಕ್ಕಪಕ್ಕ ನೇತಾಡುತ್ತಿರುತ್ತವೆ, ಎರಡಕ್ಕೂ ಅದೇ ಕಪ್ಪು ಬಣ್ಣ. ಆದರೆ ಕೆಲಸ ಬೇರೆ ಬೇರೆ. ಫುಟ್‌ಸ್ಟೆಪ್ ಹೊರಬೇಕಾದ್ದು ಒಬ್ಬ ಮನುಷ್ಯನ ಭಾರ. ಸ್ಲೈಡರ್ ಹೊರಬೇಕಾದ್ದು ಗಾಡಿಯ ಭಾರ, ಅದೂ ಒಂದೇ ಬಿಂದುವಿನಲ್ಲಿ, ಹಲವು ಸಲ ಎತ್ತಿ ಕುಕ್ಕಿದ ಹಾಗೆ. ಇಂದಿನ ಥಾರ್ 1,700 ಕಿಲೋ ಆಸುಪಾಸು ತೂಗುತ್ತದೆ, ಐದು ಬಾಗಿಲಿನ ಜಿಮ್ನಿ 1,200 ಕಿಲೋ. ಅದರ ಅರ್ಧದಷ್ಟಾದರೂ ಒಂದು ಬದಿಯ ಹಳಿಯ ಮೇಲೆ ಬಂದು ಕೂರುವ ಗಳಿಗೆ ಉಂಟು. ಕಲ್ಲಿನ ಮೇಲೆ ಕುಕ್ಕರಿಸಿದ ಫುಟ್‌ಸ್ಟೆಪ್ ಮೇಲಕ್ಕೆ ಮಡಚಿಕೊಂಡು ತಾನೇ ಬಾಗಿಲನ್ನು ಒತ್ತುತ್ತದೆ. ಕಾಪಾಡಲೆಂದು ಹಾಕಿಸಿದ್ದೇ ಬಾಗಿಲು ತೆರೆಯದಂತೆ ಮಾಡಿದ ಗಾಡಿಗಳು ಮಲೆನಾಡಿನ ಟಿಂಕರಿಂಗ್ ಶೆಡ್ಡುಗಳಿಗೆ ಬರುತ್ತಲೇ ಇರುತ್ತವೆ.

ಆ ಜಾಗಕ್ಕೆ ಇಷ್ಟು ಕಾವಲು ಏಕೆ? ಬಾಗಿಲ ಕೆಳಗಿನ ಆ ಉದ್ದನೆಯ ಪಟ್ಟಿಯನ್ನು ರಾಕರ್ ಪ್ಯಾನೆಲ್ ಅನ್ನುತ್ತಾರೆ. ಹೊರಗಿನಿಂದ ಗಟ್ಟಿ ತೊಲೆಯ ಹಾಗೆ ಕಂಡರೂ ಅದು ತೆಳು ಉಕ್ಕಿನ ಹಾಳೆಗಳನ್ನು ಮಡಿಸಿ ಬೆಸೆದ ಟೊಳ್ಳು ಪೆಟ್ಟಿಗೆ. ಹೊರಹಾಳೆಯ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಬಾಗಿಲಿನ ಕಂಬಗಳು ಅದರ ಮೇಲೆ ನಿಂತಿವೆ. ಬಂಪರ್ ಹೋದರೆ ಬೇರೆ ಬಂಪರ್ ತಿರುಗಿಸಿ ಕೂರಿಸಬಹುದು, ಮಡ್‌ಗಾರ್ಡ್ ಬಿಚ್ಚಿ ಬಡಿಯಬಹುದು. ರಾಕರ್ ಪ್ಯಾನೆಲ್ ಬಿಚ್ಚುವಂಥದ್ದಲ್ಲ. ಅದನ್ನು ಕತ್ತರಿಸಿ ತೆಗೆದು, ಹೊಸ ಹಾಳೆ ಬೆಸೆದು, ಬಣ್ಣ ಹೊಡೆಯಬೇಕು. ಆಮೇಲೂ ಬಾಗಿಲಿನ ಸಂದು ಮೊದಲಿನಂತೆ ಕೂರುತ್ತದೆಂಬ ಭರವಸೆಯಿಲ್ಲ. ಬೆಸುಗೆಯ ಬಿಸಿಗೆ ಒಳಮೈಯ ಲೇಪ ಸುಟ್ಟುಹೋಗಿರುತ್ತದೆ, ನಮ್ಮ ಮಳೆಗೆ ಅಲ್ಲಿಂದಲೇ ತುಕ್ಕು ಶುರು.

ಹಳೆಯ ಜೀಪುಗಳಿಗೆ ಈ ಚಿಂತೆ ಕಡಿಮೆ ಇತ್ತು. 1941ರಿಂದ ತಯಾರಾದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಇದ್ದ ಅಂತರ 80 ಇಂಚು, ಅಂದರೆ ಎರಡು ಮೀಟರಿಗಿಂತ ಚೂರು ಹೆಚ್ಚು. ಚಕ್ರಗಳ ನಡುವೆ ಹೊಟ್ಟೆಯೇ ಚಿಕ್ಕದು, ತಗುಲಲು ಜಾಗವೇ ಇಲ್ಲ. 2020ರ ಥಾರ್‌ನಲ್ಲಿ ಆ ಅಂತರ 2,450 ಮಿಲಿಮೀಟರ್, 2023ರ ಐದು ಬಾಗಿಲಿನ ಜಿಮ್ನಿಯಲ್ಲಿ 2,590, 2024ರ ಥಾರ್ ರಾಕ್ಸ್‌ನಲ್ಲಿ 2,850. ಹಿಂದೆ ಕೂರುವವರಿಗೆ ಆರಾಮ ಸಿಕ್ಕಿತು, ದಿಬ್ಬದ ನೆತ್ತಿಗೆ ಸಿಗುವ ಹೊಟ್ಟೆಯೂ ಉದ್ದವಾಯಿತು. ಐದು ಬಾಗಿಲಿನ ಗಾಡಿ ಇರುವವರು ಆಫ್‌ರೋಡಿಗೆಂದು ಏನಾದರೂ ಹಾಕಿಸುವುದಾದರೆ ಮೊದಲು ಇದನ್ನು ಹಾಕಿಸಲಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಛಾವಣಿಯ ಲೈಟುಗಳೂ ವಿಂಚೂ ಆಮೇಲೆ ಬರಬಹುದು.

ಈ ವಿದ್ಯೆ ಪಳಗಿದ್ದು ಅಮೆರಿಕದ ಬಂಡೆಗಳ ಮೇಲೆ. ಯೂಟಾ ರಾಜ್ಯದ ಮೊಆಬ್‌ನಲ್ಲಿ 1967ರಿಂದ ನಡೆಯುತ್ತಿರುವ ಈಸ್ಟರ್ ಜೀಪ್ ಸಫಾರಿ, ಕ್ಯಾಲಿಫೋರ್ನಿಯಾದ ರುಬಿಕಾನ್ ದಾರಿ, ಇಂಥ ಕಡೆ ಗಾಡಿ ಇಂಚಿಂಚಾಗಿ ಬಂಡೆಯ ಮೇಲೆ ತೆವಳುತ್ತದೆ. ಅಲ್ಲಿನ ಹಳಿಯ ಕೆಲಸ ಹೆಸರಿಗೆ ತಕ್ಕಂತೆ ಜಾರುವುದು: ಭಾರ ಹೊತ್ತು, ಕಲ್ಲಿನ ಮೇಲೆ ಉಜ್ಜಿಕೊಂಡು ಮುಂದೆ ಸಾಗುವುದು. ನಮ್ಮಲ್ಲಿ ಕಲ್ಲು ಇದೆ, ಆದರೆ ಅದಕ್ಕಿಂತ ಹೆಚ್ಚು ಕೆಸರಿದೆ. ಕೆಂಪು ಜಾರು ಮಣ್ಣಿನಲ್ಲಿ ಗಾಡಿ ಮುಂದೆ ಹೋಗುವ ಬದಲು ಅಡ್ಡಕ್ಕೆ ಸರಿಯುತ್ತದೆ. ಸರಿದು ದರೆಗೆ ಒರಗುತ್ತದೆ, ಇಲ್ಲವೇ ತೋಟದಂಚಿನ ಸಿಲ್ವರ್ ಓಕ್ ಮರಕ್ಕೆ. ಹಾಗಾಗಿ ಮೊಆಬ್‌ನವರು ಹಳಿಯ ಅಡಿಯನ್ನು ಮೊದಲು ನೋಡಿದರೆ ಮಲೆನಾಡಿನವರು ಅದರ ಹೊರ ಅಂಚನ್ನು ಮೊದಲು ನೋಡಬೇಕು. ಹೊರ ಪೈಪು ಬಾಗಿಲಿಗಿಂತ ಕೊಂಚ ಹೊರಗಿರಬೇಕು, ಹಿಂದಿನ ಚಕ್ರದ ಹತ್ತಿರ ಇನ್ನಷ್ಟು ಹೊರಕ್ಕೆ ಬಾಗಿರಬೇಕು. ಈ ಬಾಗಿಗೆ ಕಿಕ್‌ಔಟ್ ಅನ್ನುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಕತ್ತರಿಸಿಕೊಂಡು ಬರುವುದರಿಂದ ಮರಕ್ಕೆ ಮೊದಲು ಸಿಗುವುದು ಹಿಂಬದಿಯ ಪಕ್ಕೆ. ಕಿಕ್‌ಔಟ್ ಇದ್ದರೆ ಗಾಡಿ ಮರಕ್ಕೆ ಆತುಕೊಂಡು ಅಲ್ಲೇ ತಿರುಗಿ ಆಚೆ ಬರುತ್ತದೆ, ಹಾಳೆ ಉಳಿಯುತ್ತದೆ. ನೇರ ಪೈಪಿನ ಸ್ಲೈಡರ್ ನಮ್ಮ ತೋಟದ ದಾರಿಗೆ ಅರ್ಧ ಕೆಲಸದ ಸ್ಲೈಡರ್.

ಹೊರ ಪೈಪು ಅಡ್ಡಕ್ಕೆ ಮಟ್ಟವಾಗಿ ಇರಬೇಕೋ ಮೇಲಕ್ಕೆ ಓರೆಯಾಗಿರಬೇಕೋ ಎಂಬ ಚರ್ಚೆ ಇದ್ದೇ ಇದೆ. ಮಟ್ಟವಾಗಿದ್ದರೆ ಮನೆಯ ಹಿರಿಯರು ಕಾಲಿಟ್ಟು ಹತ್ತಬಹುದು. ಹತ್ತಿಪ್ಪತ್ತು ಡಿಗ್ರಿ ಓರೆಯಾಗಿದ್ದರೆ ನೆಲದಿಂದ ಎತ್ತರ ಹೆಚ್ಚು ಉಳಿಯುತ್ತದೆ. ವಾಲಿದಾಗ ಮೊದಲು ನೆಲ ಮುಟ್ಟುವುದು ಹೊರ ಪೈಪೇ ಆದ್ದರಿಂದ ನನ್ನ ಒಲವು ಓರೆಯ ಕಡೆಗೆ.

ಪೈಪು ಆರಿಸುವಾಗ ಎಲ್ಲರೂ ಕೇಳುವುದು ದಪ್ಪ ಎಷ್ಟು ಎಂದು. ವ್ಯಾಸ ಎಷ್ಟು ಎಂದು ಕೇಳುವವರು ಕಡಿಮೆ, ಲೆಕ್ಕ ಇರುವುದು ಅಲ್ಲೇ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೂವರೆ ಇಂಚಿನ ಸಿ ಕ್ಲಾಸ್ ಪೈಪನ್ನೇ ತೆಗೆದುಕೊಳ್ಳಿ. ಹೊರವ್ಯಾಸ 48.3 ಮಿಲಿಮೀಟರ್, ಗೋಡೆಯ ದಪ್ಪ 4 ಮಿಲಿಮೀಟರ್, ಮೀಟರಿಗೆ ತೂಕ ಸುಮಾರು 4.4 ಕಿಲೋ. ಅದರ ಪಕ್ಕದಲ್ಲಿ ಎರಡು ಇಂಚಿನ ಬಿ ಕ್ಲಾಸ್ ಪೈಪು: ಹೊರವ್ಯಾಸ 60.3, ದಪ್ಪ 3.6, ತೂಕ 5 ಕಿಲೋ. ತೂಕ ಏರಿದ್ದು ನೂರಕ್ಕೆ ಹದಿನೈದರಷ್ಟು. ಬಾಗದೆ ನಿಲ್ಲುವ ಬಿಗಿ ಮಾತ್ರ ಹೆಚ್ಚೂಕಡಿಮೆ ಎರಡು ಪಟ್ಟಿನ ಹತ್ತಿರ ಬರುತ್ತದೆ. ಬೊಂಬು ತೂಕದಲ್ಲಿ ಹಗುರವಾಗಿದ್ದೂ ಏಣಿಗೆ ಒದಗುವ ಗುಟ್ಟು ಇದೇ: ವಸ್ತು ನಡುವಿನಿಂದ ದೂರ ಸರಿದಷ್ಟೂ ಬಾಗುವುದು ಕಷ್ಟ. ಹಾಗೆಂದು ಗೋಡೆಯನ್ನು ತೀರಾ ತೆಳು ಮಾಡುವಂತಿಲ್ಲ. ಚೂಪು ಕಲ್ಲು ಪೈಪಿನ ಒಂದೇ ಜಾಗವನ್ನು ಒತ್ತಿ ಗುಳಿ ಬೀಳಿಸಿತೋ, ಆ ಗುಳಿಯಿಂದಲೇ ಪೈಪು ಮಡಚಿಕೊಳ್ಳುತ್ತದೆ. ಬಾಗದಿರಲು ವ್ಯಾಸ, ಗುಳಿ ಬೀಳದಿರಲು ದಪ್ಪ. ಮೂರು ಮಿಲಿಮೀಟರಿಗಿಂತ ಕಡಿಮೆ ದಪ್ಪದ್ದನ್ನು ಯಾರಾದರೂ ಸ್ಲೈಡರ್ ಎಂದು ಮಾರಿದರೆ ಕೊಳ್ಳಬೇಡಿ.

ನೀರಿನ ಪೈಪು ಲೆಕ್ಕಕ್ಕೆ ಅನುಕೂಲ, ಆದರೆ ಅದನ್ನು ಮಾಡಿರುವುದು ನೀರು ಹರಿಸಲಿಕ್ಕೆ. ಭಾರ ಹೊರುವ ಕೆಲಸಕ್ಕೆಂದೇ ಐಎಸ್ 1161 ಮಾನದಂಡದ ಪೈಪುಗಳಿವೆ, ಚೌಕ ಮತ್ತು ಆಯತದ ಟ್ಯೂಬುಗಳಿಗೆ ಐಎಸ್ 4923 ಇದೆ. ಪೇಟೆಯ ಉಕ್ಕಿನ ವ್ಯಾಪಾರಿಗಳಲ್ಲಿ ಇವು ಸಿಗುತ್ತವೆ, ಕೇಳಿ ತರಿಸಿಕೊಳ್ಳಬೇಕು ಅಷ್ಟೇ. ಸತು ಲೇಪಿಸಿದ ಜಿಐ ಪೈಪನ್ನು ಮಾತ್ರ ಬೇಡವೆನ್ನಿ. ಬೆಸೆಯುವಾಗ ಸತು ಉರಿದು ಬರುವ ಬಿಳಿ ಹೊಗೆಯಿಂದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೊಳಗೂ ಸಣ್ಣ ತೂತುಗಳು ಉಳಿಯುತ್ತವೆ.

ಇಷ್ಟೆಲ್ಲ ಹೇಳಿದರೂ, ನಾನು ನೋಡಿದ ಮಟ್ಟಿಗೆ, ಸೋತ ಸ್ಲೈಡರ್‌ಗಳಲ್ಲಿ ಪೈಪು ಸೋತದ್ದು ಅಪರೂಪ. ಸೋಲುವುದು ಕಾಲು. ಪೈಪಿನಿಂದ ಗಾಡಿಯ ಚಾಸಿಗೆ ಹೋಗುವ ಅಡ್ಡಗಾಲುಗಳು, ಅವು ಚಾಸಿಗೆ ಕೂಡುವ ಜಾಗ. ಕೊಳ್ಳುವವರು ಹೊಳಪು ನೋಡಿ ಮೇಲೆ ಕೈಯಾಡಿಸುತ್ತಾರೆ. ಮಾಡಬೇಕಾದ್ದು ಅಂಗಾತ ಮಲಗಿ ಕೆಳಗೆ ಟಾರ್ಚು ಹಿಡಿಯುವುದು.

ಥಾರ್, ಜಿಮ್ನಿ, ಗೂರ್ಖಾ, ಹಳೆಯ ಜಿಪ್ಸಿ ಇವೆಲ್ಲದರಲ್ಲಿ ಏಣಿಯಾಕಾರದ ಚಾಸಿ ಬೇರೆ, ಅದರ ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತ ಬಾಡಿ ಬೇರೆ. ಸ್ಲೈಡರಿನ ಭಾರ ಪೂರ್ತಿ ಚಾಸಿಗೆ ಹೋಗಬೇಕು, ಬಾಡಿಗೆ ಒಂದು ಚೂರೂ ತಗುಲಬಾರದು. ದಾರಿ ಏರುಪೇರಾದಂತೆ ಚಾಸಿ ತಿರುಚುತ್ತದೆ, ಬಾಡಿ ರಬ್ಬರಿನ ಮೇಲೆ ಅಲುಗುತ್ತದೆ. ನಡುವೆ ಒಂದು ಬೆರಳು ತೂರುವಷ್ಟಾದರೂ ಸಂದು ಬೇಕು. ಎರಡಕ್ಕೂ ಬಿಗಿದ ಹಳಿ ಬಾಡಿಯನ್ನು ಹರಿಯುತ್ತದೆ. ಡಸ್ಟರ್, ಕಂಪಾಸ್ ಥರದ ಗಾಡಿಗಳಲ್ಲಿ ಬೇರೆ ಚಾಸಿಯೇ ಇಲ್ಲ, ರಾಕರ್ ಪ್ಯಾನೆಲ್ಲೇ ಬೆನ್ನೆಲುಬಿನ ಭಾಗ. ಅವಕ್ಕೆ ಊರಿನ ಶೆಡ್ಡಿನಲ್ಲಿ ಅಂದಾಜಿಗೆ ಸ್ಲೈಡರ್ ಬೆಸೆಸುವುದಕ್ಕಿಂತ ಬಂಡೆ ದಾರಿಯನ್ನು ಬಿಡುವುದು ಒಳ್ಳೆಯದು.

ಒಂದು ಬದಿಗೆ ಕನಿಷ್ಠ ಮೂರು ಕಾಲು, ಉದ್ದ ಗಾಡಿಗೆ ನಾಲ್ಕು. ಕೊನೆಯ ಕಾಲಿನಿಂದಾಚೆ ಪೈಪು ಬಹಳ ಚಾಚಿಕೊಂಡಿರಬಾರದು. ಇನ್ನು ಕೂಡುವ ಜಾಗ. ಒಳ್ಳೆಯ ಕೈಯ ವೆಲ್ಡರ್ ಕಾಲನ್ನು ನೇರವಾಗಿ ಚಾಸಿಗೆ ಬೆಸೆಯುವುದಿಲ್ಲ. ಮೊದಲು ಐದಾರು ಮಿಲಿಮೀಟರ್ ದಪ್ಪದ ತಟ್ಟೆಯೊಂದನ್ನು ಕತ್ತರಿಸುತ್ತಾನೆ, ಅದರ ಮೂಲೆಗಳನ್ನು ಗ್ರೈಂಡರಿನಲ್ಲಿ ದುಂಡಗೆ ಸವೆಸುತ್ತಾನೆ. ಚಾಸಿಯ ಬಣ್ಣವನ್ನು ಬೆಳ್ಳಿ ಕಾಣುವವರೆಗೆ ಉಜ್ಜಿ, ತಟ್ಟೆಯನ್ನು ಚಾಸಿಯ ಪಕ್ಕದ ಗೋಡೆಗೆ ಆನಿಸಿ ಬೆಸೆಯುತ್ತಾನೆ, ಆ ತಟ್ಟೆಗೆ ಕಾಲು. ತಟ್ಟೆ ಭಾರವನ್ನು ಹರಡುತ್ತದೆ. ದುಂಡು ಮೂಲೆಗಳಲ್ಲಿ ಒತ್ತಡ ಒಂದೆಡೆ ಸೇರಿಕೊಳ್ಳುವುದಿಲ್ಲ. ಚಾಸಿಯ ಮೇಲಂಚು ಕೆಳಂಚುಗಳಿಗೆ ಅಡ್ಡಲಾಗಿ ಅವನು ಬೆಸುಗೆ ಎಳೆಯುವುದಿಲ್ಲ. ಚಾಸಿ ಬಾಗುವಾಗ ಅತಿ ಹೆಚ್ಚು ಸೆಳೆತ ಬೀಳುವುದು ಆ ಅಂಚುಗಳಲ್ಲೇ, ಬಿರುಕು ಹುಟ್ಟುವುದೂ ಅಲ್ಲೇ. ಇಷ್ಟು ಮಾಡುವ ಮುನ್ನ ಬ್ಯಾಟರಿ ಸಂಪರ್ಕ ತೆಗೆದು, ಇಂಧನ ಮತ್ತು ಬ್ರೇಕಿನ ಕೊಳವೆಗಳನ್ನು, ವೈರುಗಳನ್ನು ಒದ್ದೆ ಗೋಣಿಯಿಂದ ಮುಚ್ಚುವವನ ಕೈಗೆ ಗಾಡಿಯನ್ನು ಧೈರ್ಯವಾಗಿ ಒಪ್ಪಿಸಬಹುದು.

ವಾರಂಟಿ ಇರುವ ಹೊಸ ಗಾಡಿಗೆ ಬೋಲ್ಟಿನಿಂದ ಬಿಗಿಯುವ ಬಗೆಯೇ ಸೂಕ್ತ. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನು ಬಳಸಿ, ಹಿಂದೆ ತಟ್ಟೆ ಕೊಟ್ಟು, 8.8 ಅಥವಾ 10.9 ದರ್ಜೆಯ ಬೋಲ್ಟುಗಳಿಂದ ಬಿಗಿಯುವಂಥದ್ದು. ದರ್ಜೆ ಬೋಲ್ಟಿನ ತಲೆಯ ಮೇಲೇ ಕೆತ್ತಿರುತ್ತದೆ, ಓದಿ ನೋಡಿ. ಬೆಸುಗೆಯಷ್ಟು ಅಲುಗದೆ ಇದು ನಿಲ್ಲುವುದಿಲ್ಲ, ಆದರೆ ಬಾಗಿದರೆ ಬಿಚ್ಚಿ ಬದಲಿಸಬಹುದು. ಚೆನ್ನಾಗಿ ಮಾಡಿದ ಒಂದು ಜೊತೆಗೆ ನಲವತ್ತೈದು ಐವತ್ತು ಕಿಲೋ ತೂಕವಾಗುತ್ತದೆ. ಗಾಡಿಗೆ ಒಬ್ಬ ಹುಡುಗ ಕಾಯಂ ಹತ್ತಿ ಕೂತಷ್ಟು ಆ ಭಾರ, ಒಪ್ಪಿಕೊಳ್ಳಲೇಬೇಕಾದ್ದು. ಜೊತೆಯೊಂದು ಇಪ್ಪತ್ತು ಕಿಲೋ ಮಾತ್ರ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅದು ಫುಟ್‌ಸ್ಟೆಪ್.

ಕೂರಿಸಿದ ಮೇಲೆ, ದುಡ್ಡು ಕೊಡುವ ಮುಂಚೆ, ಒಂದು ಪರೀಕ್ಷೆ. ಗಟ್ಟಿ ಸಮ ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಸ್ಲೈಡರಿನ ಹೊರ ಪೈಪಿನ ಅಡಿಗೆ ಜಾಕು ಇಡಿಸಿ ನಿಧಾನಕ್ಕೆ ಎತ್ತಿಸಿ. ಗಾಡಿಯ ಅಡಿಗೆ ಯಾರೂ ಹೋಗಬಾರದು. ಆ ಬದಿಯ ಚಕ್ರ ನೆಲ ಬಿಡುವ ಹೊತ್ತಿಗೆ ಬಾಗಿಲು ತೆರೆದು ಹಾಕಿ ನೋಡಿ. ಸಂದು ಹಾಗೇ ಇದ್ದು, ಬಾಗಿಲು ಮೊದಲಿನ ಸದ್ದಿನಲ್ಲೇ ಮುಚ್ಚಿಕೊಂಡರೆ ಕೆಲಸ ಸರಿಯಾಗಿದೆ. ಈ ಪರೀಕ್ಷೆಗೆ ಹಿಂಜರಿಯುವ ಶೆಡ್ಡಿನಿಂದ ಹೊರಟುಬಿಡಿ. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಮುಂದಿನ ಟಯರು ಹಳಿಯ ಮೂತಿಗೆ ಉಜ್ಜುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ, ದೊಡ್ಡ ಟಯರು ಹಾಕಿಸಿದವರಂತೂ ಖಂಡಿತ.

ಕಾನೂನಿನ ಮಾತನ್ನು ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಅದಕ್ಕೂ ಮುಂಚೆ, 2017ರ ಡಿಸೆಂಬರಿನಲ್ಲಿ, ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ರಾಜ್ಯಗಳಿಗೆ ಪತ್ರ ಬರೆದಿತ್ತು. ಮುಂಬದಿಯ ಬುಲ್ ಬಾರ್ ಪಾದಚಾರಿಗೆ ಅಪಾಯ, ಪಕ್ಕದಲ್ಲಿ ಚಾಚಿದ ಪೈಪು ಬೈಕ್ ಸವಾರನಿಗೆ ಅಪಾಯ. ಹಾಗಾಗಿ ಹಳಿ ಕನ್ನಡಿಗಿಂತ, ಚಕ್ರದ ಕಮಾನಿಗಿಂತ ಹೊರಗೆ ಬರಲೇಬಾರದು, ಪೈಪಿನ ತುದಿಗಳು ದುಂಡಗೆ ಮುಚ್ಚಿರಬೇಕು. ಕಂಪನಿಯ ಅಧಿಕೃತ ಪಟ್ಟಿಯಲ್ಲೇ ಸ್ಲೈಡರ್ ಇದ್ದರೆ ಅದೇ ಮೊದಲ ಆಯ್ಕೆ. ಇಲ್ಲವಾದರೆ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಬಣ್ಣದ ವಿಷಯದಲ್ಲಿ ನಾನು ಹಳೆಯ ಕಾಲದವನು. ಪೌಡರ್ ಕೋಟಿಂಗ್ ಷೋರೂಮಿನಲ್ಲಿ ಚೆಂದ. ಆದರೆ ಕಲ್ಲಿಗೆ ಒಮ್ಮೆ ಉಜ್ಜಿ ಎದ್ದ ಮೇಲೆ ಅದರ ಸಿಪ್ಪೆಯಡಿಗೆ ನೀರು ನುಗ್ಗಿ, ಹೊರಗೆ ಕಾಣದಂತೆ ತುಕ್ಕು ಹರಡುತ್ತದೆ. ಸತುವಿನ ಪ್ರೈಮರ್ ಮೇಲೆ ಸಾದಾ ಎನಾಮಲ್ ಹೊಡೆದಿದ್ದರೆ ಗಾಯ ಕಣ್ಣಿಗೆ ಕಾಣುತ್ತದೆ, ಮನೆಯಲ್ಲೇ ಬ್ರಷ್ಷಿನಿಂದ ಮುಚ್ಚಬಹುದು. ಪೈಪಿನ ಕೆಳಮೈಯಲ್ಲಿ ನೀರಿಳಿಯಲು ಒಂದು ಸಣ್ಣ ತೂತು ಇರಲಿ. ಎರಡು ಪೈಪುಗಳ ನಡುವೆ ಮೆಟ್ಟಿಲಿಗೆಂದು ಮುಚ್ಚು ತಗಡು ಹಾಕಿಸುವುದಾದರೆ ದೊಡ್ಡ ತೂತುಗಳಿರುವುದನ್ನೇ ಹಾಕಿಸಿ, ಇಲ್ಲದಿದ್ದರೆ ಮಳೆಗಾಲ ಪೂರ್ತಿ ಅಲ್ಲಿ ಕೆಸರು ಕೂತು ರಾಕರ್ ಪ್ಯಾನೆಲ್ಲನ್ನು ಹೊರಗಿನಿಂದ ತಿನ್ನುತ್ತದೆ. ಮೊದಲ ಕಾಡುದಾರಿಯ ಓಟ ಮುಗಿಸಿ ಬಂದ ಮರುದಿನ ಪೈಪಿನ ನೀರು ಬಿಟ್ಟು ಆ ಸಂದನ್ನೆಲ್ಲ ತೊಳೆದು, ಸ್ಪ್ಯಾನರ್ ಹಿಡಿದು ಒಂದೊಂದೇ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿ. ಮೊದಲ ಓಟದಲ್ಲಿ ಒಂದೆರಡಾದರೂ ಸಡಿಲಗೊಂಡಿರುತ್ತವೆ.