ಗುಟ್ಟು ಆಯುಧಕ್ಕಿರಲಿ, ಬಾವಿಯ ನೀರಿಗೆ ಬೇಡ

ಬಂಧುಗಳ ಮನೆಯ ಮದುವೆಗೆಂದು ಬೇಸಿಗೆಯ ರಜೆಯಲ್ಲಿ ನಾವು ಮೀರಜಕ್ಕೆ ಹೋಗಿದ್ದೆವು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕಾರವಾರ, ಮಡಗಾಂವ್, ಲೋಂಡಾ, ಬೆಳಗಾವಿಗಳನ್ನು ದಾಟಿ ಮೀರಜ ಸಿಗುತ್ತದೆ. ಮೀರಜ, ಸಾಂಗ್ಲಿಗಳು ಅವಳಿ ಪಟ್ಟಣಗಳು. ಕುಪವಾಡವನ್ನೂ ಸೇರಿಸಿಕೊಂಡು 1998ರಿಂದ ಒಂದೇ ಮಹಾನಗರಪಾಲಿಕೆ. ಅಲ್ಲಿ ನಮ್ಮ ಭಾವನವರ ಹೋಟೆಲಿನಲ್ಲಿ ಕುಳಿತಿದ್ದಾಗ, ಆಸ್ಪತ್ರೆಗೆಂದು ಬಂದಿದ್ದ ಜತ್ತ ತಾಲೂಕಿನ ಹಿರಿಯ ರೈತರೊಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. "ಕಾಸರಗೋಡು ಅಂದ್ರ ಕೇರಳ ಅಲ್ಲೇನ್ರಿ? ಅಲ್ಲೂ ಕನ್ನಡ ಐತಿ?" ಎಂದು ಬೆರಗಾದರು. ಇದೆ ಎಂದೆವು. ಅವರ ಊರಿನಲ್ಲೂ ಇದೆ.

ಮಾತು ಕವಲಾಪುರದ ಕಡೆಗೆ ತಿರುಗಿತು. ಸಾಂಗ್ಲಿಯ ಸಮೀಪದ ಆ ಊರಿನಲ್ಲಿ ಹಳೆಯ ವಿಮಾನ ಇಳಿದಾಣದ ಜಾಗವಿದೆ. ಅಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಬೇಡಿಕೆಯೂ ಹಳೆಯದು. ಹಿರಿಯರು ಹೇಳಿದರು: "ವಿಮಾನ ಬರ್ಲಿ ಬಿಡ್ರಿ ಮಾಸ್ತರ, ಬ್ಯಾಡ ಅನ್ನಾಂಗಿಲ್ಲ. ಆದ್ರ ಸರಕಾರದ ಕಾಗದ ಬಂದ್ರ ಮರಾಠ್ಯಾಗ ಬರ್ತೈತಿ, ಇಲ್ಲಂದ್ರ ಇಂಗ್ಲೀಷಿನ್ಯಾಗ. ಹೊಲ ನಮ್ದು, ಓದಿ ಹೇಳಾವ ಬ್ಯಾರೆಯವ."

ಈ ಮಾತು ಹಿಂತಿರುಗುವ ದಾರಿಯುದ್ದಕ್ಕೂ ನಮ್ಮೊಡನೆ ಬಂತು. ಏಕೆಂದರೆ ಆ ದಾರಿಯಲ್ಲೇ ಎರಡು ಸೈನಿಕ ನೆಲೆಗಳಿವೆ.

ಮೊದಲನೆಯದು ಬೆಳಗಾವಿಯ ಸಾಂಬ್ರಾ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಈ ನೆಲದಿಂದ 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗಾಗಿ ನಮ್ಮ ಹಂಟರ್ ವಿಮಾನಗಳು ಹಾರಿದವು. ವಾಯುಪಡೆಯ ತರಬೇತಿ ಶಾಲೆ ಇರುವುದೂ ಇಲ್ಲೇ. ನಾಗರಿಕ ವಿಮಾನಗಳಿಗಾಗಿ ಇಲ್ಲಿಯ ರನ್‌ವೇಯನ್ನು 2,300 ಮೀಟರಿಗೆ ಬೆಳೆಸಿ 2017ರಲ್ಲಿ ಹೊಸ ನಿಲ್ದಾಣವನ್ನು ತೆರೆದರು.

ಎರಡನೆಯದು ಕಾರವಾರದ ಸೀಬರ್ಡ್. 1986ರಲ್ಲಿ ರಾಜೀವ ಗಾಂಧಿಯವರು ಶಿಲಾನ್ಯಾಸ ಮಾಡಿದ ಈ ನೌಕಾನೆಲೆ 2005ರ ಮೇ 31ರಂದು 'ಐಎನ್‌ಎಸ್ ಕದಂಬ' ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸುಮಾರು 11,000 ಎಕರೆ ಭೂಮಿ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬಗಳು ಮನೆಮಠ ಬಿಟ್ಟವು. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಎರಡನೆಯ ಹಂತದ ವಿಸ್ತರಣೆಯಲ್ಲಿ ಅಂಕೋಲೆಯ ಅಲಗೇರಿಯ ಬಳಿ ನೌಕಾಪಡೆಯ ವಿಮಾನ ನೆಲೆಯೂ ಸೇರಿದೆ. ಯೋಜನೆಯಂತೆ ಅದರ ರನ್‌ವೇ 2,700 ಮೀಟರ್. ನಾಗರಿಕ ವಿಮಾನಗಳಿಗೂ ಅಲ್ಲಿ ಅವಕಾಶ.

ದೇಶಕ್ಕೆ ಇಂಥ ನೆಲೆಗಳು ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ ನದಿ ಉಕ್ಕಿ ಸಾಂಗ್ಲಿ ಮುಳುಗಿದಾಗ ಜನರನ್ನು ದೋಣಿಗಳಲ್ಲಿ ಹೊತ್ತು ತಂದವರಲ್ಲಿ ಸೇನೆ, ನೌಕಾಪಡೆಗಳ ಯೋಧರೂ ಇದ್ದರು. ಆ ಉಪಕಾರವನ್ನು ಮರೆಯಲಾಗದು. ಆದರೆ ರನ್‌ವೇ ಉದ್ದವಾದಾಗ ಪಕ್ಕದ ಊರಿಗೆ ಏನಾಗುತ್ತದೆ ಎಂಬ ಪ್ರಶ್ನೆ ದೇಶಭಕ್ತಿಗೆ ವಿರುದ್ಧವಾದುದಲ್ಲ.

ಮಕ್ಕಳಿಗೆ ಹೇಳಿಕೊಡುವ ಒಂದು ಲೆಕ್ಕ ನೋಡಿ. 2,700 ಮೀಟರ್ ಉದ್ದ, 45 ಮೀಟರ್ ಅಗಲದ ರನ್‌ವೇ ಎಂದರೆ 1,21,500 ಚದರ ಮೀಟರ್, ಹತ್ತಿರಹತ್ತಿರ 30 ಎಕರೆ. ಅದರ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 12 ಲಕ್ಷ ಲೀಟರಿಗೂ ಹೆಚ್ಚು ನೀರು. ಗದ್ದೆಯಾಗಿದ್ದರೆ ಅದರಲ್ಲಿ ಒಂದು ಪಾಲನ್ನಾದರೂ ನೆಲ ಕುಡಿಯುತ್ತಿತ್ತು. ಡಾಮರಿನ ನೆಲ ಕುಡಿಯದು. ಆ ನೀರು ಯಾರ ತೋಟಕ್ಕೆ ಹರಿಯುತ್ತದೆ? ನಮ್ಮ ಕರಾವಳಿಯಲ್ಲಿ ಮಳೆಗಾಲದ ಒಂದೇ ದಿನ ಹತ್ತು ಸೆಂಟಿಮೀಟರ್ ಬೀಳುವುದು ಅಪರೂಪವೇನೂ ಅಲ್ಲ.

ಪ್ರಶ್ನೆ ಮಳೆನೀರಿನದು ಮಾತ್ರವಲ್ಲ. ಆಸ್ಟ್ರೇಲಿಯದ ವಿಲಿಯಂಟೌನ್ ವಾಯುನೆಲೆಯಲ್ಲಿ ಬೆಂಕಿ ನಂದಿಸುವ ನೊರೆಯ ರಾಸಾಯನಿಕ ಹಲವು ವರ್ಷಗಳ ಕಾಲ ನೆಲಕ್ಕಿಳಿದು ಅಂತರ್ಜಲವನ್ನು ಸೇರಿತ್ತು. ನೆರೆಹೊರೆಯವರು ಕೊಳವೆಬಾವಿಯ ನೀರು ಕುಡಿಯಬಾರದೆಂದು 2015ರಲ್ಲಿ ಎಚ್ಚರಿಕೆ ಬಂತು. ಆ ನೆಲೆಯೂ ಸೇರಿ ಮೂರು ನೆಲೆಗಳ ಸುತ್ತಲಿನವರಿಗೆ 2020ರಲ್ಲಿ 21 ಕೋಟಿ 25 ಲಕ್ಷ ಆಸ್ಟ್ರೇಲಿಯನ್ ಡಾಲರಿನ ಪರಿಹಾರ ಇತ್ಯರ್ಥವಾಯಿತು. ಪರಿಹಾರ ಸಿಕ್ಕಿತೆಂದು ಬಾವಿಯ ನೀರು ತಿಳಿಯಾಗುವುದಿಲ್ಲ.

ಇಂಥದ್ದನ್ನು ಮೊದಲೇ ತೂಗಿ ನೋಡುವುದಕ್ಕೇ ಪರಿಸರ ಪರಿಣಾಮ ಅಧ್ಯಯನ ಎಂಬ ಕ್ರಮ ಬಂದಿರುವುದು. ನಮ್ಮ ದೇಶದಲ್ಲಿ 1994ರ ಜನವರಿ 27ರಂದು ಅದಕ್ಕೆ ಅಧಿಸೂಚನೆ ಹೊರಟಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಸೇರಿತು. 2006ರ ಸೆಪ್ಟೆಂಬರ್ 14ರಂದು ಹೊಸ ಅಧಿಸೂಚನೆ ಬಂತು. ಅದರಂತೆ ವಾಣಿಜ್ಯ ಬಳಕೆಯ ವಿಮಾನ ನಿಲ್ದಾಣಗಳಿಗೆ ಕೇಂದ್ರದ ಒಪ್ಪಿಗೆ ಬೇಕು. ಅಹವಾಲು ಸಭೆ ನಡೆಸುವುದಾದರೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಇಂಗ್ಲಿಷಿನಲ್ಲಿಯೂ ರಾಜ್ಯದ ಆಡಳಿತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು.

ಆದರೆ ರಾಷ್ಟ್ರ ರಕ್ಷಣೆಗೆ ಸಂಬಂಧಿಸಿದ್ದೆಂದು ಕೇಂದ್ರ ಸರಕಾರ ನಿರ್ಧರಿಸಿದ ಯೋಜನೆಗಳಿಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಅಗತ್ಯವಿಲ್ಲವೆಂದು ಅದೇ ಅಧಿಸೂಚನೆ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಈ ವಿನಾಯಿತಿ ಇರುವುದು ಜನರನ್ನು ಕೇಳುವುದರಿಂದ. ಪರಿಣಾಮವನ್ನು ಪರಿಶೀಲಿಸುವುದರಿಂದ ಅಲ್ಲ. ಪರಿಶೀಲನೆ ನಡೆಯಬಹುದು, ಊರಿಗೆ ಮಾತ್ರ ಅದು ತಿಳಿಯದು. ಮದ್ದುಗುಂಡು ಎಲ್ಲಿದೆ ಎಂಬುದು ಗುಟ್ಟಾಗಿರಲಿ. ಮಳೆನೀರಿನ ಕಾಲುವೆ ಎಲ್ಲಿ ಹರಿಯುತ್ತದೆ, ಬಾವಿಯ ನೀರನ್ನು ಯಾರು ಪರೀಕ್ಷಿಸುತ್ತಾರೆ, ರಾತ್ರಿಯ ಸದ್ದು ಎಷ್ಟಿರುತ್ತದೆ ಎಂಬುದು ಶತ್ರುವಿಗೆ ಯಾವ ಉಪಯೋಗಕ್ಕೂ ಬಾರದ ಮಾಹಿತಿ; ಊರಿನವರಿಗೆ ಬಾಳಿನ ಪ್ರಶ್ನೆ.

ಇನ್ನು ಭಾಷೆ. 'ಆಡಳಿತ ಭಾಷೆ ಅಥವಾ ಸ್ಥಳೀಯ ಭಾಷೆ' ಎಂಬಲ್ಲಿ ಅಧಿಕಾರಿಗಳು ಮೊದಲನೆಯದನ್ನೇ ಹಿಡಿದರೆ ಜತ್ತದ ರೈತನಿಗೆ ಮರಾಠಿ, ನಮಗೆ ಮಲಯಾಳ. ಎರಡನೆಯದನ್ನು ನಾವೇ ಕೇಳಿ ಪಡೆಯಬೇಕು. ಅದಕ್ಕೆ ಆಧಾರವೂ ಇದೆ. 2020ರಲ್ಲಿ ಹೊಸ ಕರಡು ಅಧಿಸೂಚನೆ ಇಂಗ್ಲಿಷ್, ಹಿಂದಿಗಳಲ್ಲಿ ಹೊರಟಾಗ, ಅದನ್ನು ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದಿಲ್ಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ಕೇರಳದಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಆಡಳಿತ ಭಾಷಾ ಕಾಯಿದೆಯೇ ಕೊಟ್ಟಿದೆ.

ಆಕಾಶದಿಂದ ಬೀಳುವುದರ ಬೆಲೆ ಏನೆಂದು ನಮ್ಮ ಜಿಲ್ಲೆಗೆ ಬೇರೆಯವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದ ವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರು ಎಂಡೋಸಲ್ಫಾನ್ ಸುರಿಸಿತು. ಎಣ್ಮಕಜೆಯ ಪಡ್ರೆ, ಸ್ವರ್ಗದ ಮನೆಗಳಲ್ಲಿ ಅದರ ಫಲವನ್ನು ತಾಯಂದಿರು ಇಂದಿಗೂ ಎತ್ತಿ ಆಡಿಸುತ್ತಿದ್ದಾರೆ. ಏನು ಬೀಳುತ್ತಿದೆ ಎಂದು ಆ ತಾಯಂದಿರಿಗೆ ಅವರ ಭಾಷೆಯಲ್ಲಿ ಮೊದಲೇ ತಿಳಿಸಿದ್ದರೆ ಅವರು ಕೇಳದೆ ಬಿಡುತ್ತಿದ್ದರೇ?

ಪೆರಿಯದಲ್ಲಿ ಕಿರು ವಿಮಾನ ಇಳಿದಾಣದ ಮಾತು ಹಲವು ವರ್ಷಗಳಿಂದ ಕೇಳಿಬಂದಿದೆ. ಅದಾಗಲಿ, ಬೇರೆ ಯಾವುದೇ ದೊಡ್ಡ ಯೋಜನೆಯಾಗಲಿ, ಕಾಗದ ಹೊರಟ ದಿನವೇ ಪಂಚಾಯತಿಗೆ ಹೋಗಿ ಸಾರಾಂಶವನ್ನು ಕನ್ನಡದಲ್ಲಿ ಕೊಡಿ ಎಂದು ಬರೆದುಕೊಡೋಣ. ಒಬ್ಬರು ಬರೆದರೆ ಅರ್ಜಿ. ಊರೇ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಹೊಲ ನಮ್ಮದಾದ ಮೇಲೆ ಓದುವವರೂ ನಾವೇ ಆಗಬೇಕು.